ಸಾಬೂನಿನ ಮೇಲಿನ ಊರು

ಬೆಳಗ್ಗೆ ಎದ್ದಾಗಿನಿಂದ ಅವಳಿಗೆ ಯಾರ ಮೇಲಾದರೂ ಹರಿಹಾಯಬೇಕಾಗಿತ್ತು. ಆದರೆ ಆ ದಿನ ಎಲ್ಲರೂ ಮಾತಾಡಿಕೊಂಡವರಂತೆ ಒಳ್ಳೆಯವರಾಗಿಬಿಟ್ಟಿದ್ದರು. ಗಂಡ ತಾನೇ ಎದ್ದು ಚಹಾ ಮಾಡಿ ತಂದುಕೊಟ್ಟ. ಸಕ್ಕರೆ ಹೆಚ್ಚಾಯಿತು ಅನ್ನೋಣವೆಂದರೆ ಅದೂ ಹದವಾಗಿತ್ತು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಇಳಿಯಲು ಎದ್ದ ಹುಡುಗಿಯೊಬ್ಬಳು ಅವಳ ಕಾಲು ತುಳಿದಳು, ಅಂತೂ ಒಂದು ನೆಪ ಸಿಕ್ಕಿತು ಎಂದು ಮುಖ ಎತ್ತುವಷ್ಟರಲ್ಲಿ ‘ಸಾರಿ ಆಂಟಿ, ನೋವಾಯ್ತಾ ಆಂಟಿ’ ಎಂದು ಅಂಗಲಾಚಿ, ಕೈಹಿಡಿದು ತನ್ನ ಸೀಟಿನಲ್ಲಿ ಕೂರಿಸಿ ಇಳಿದುಹೋದಳು. ಲೋಕ ಇಷ್ಟೊಂದು ಸಭ್ಯವಾಗಿಬಿಟ್ಟರೆ ಮನುಷ್ಯರು ಸಿಟ್ಟು ಮಾಡಿಕೊಳ್ಳಲು ಎಲ್ಲಿಗೆ ಹೋಗಬೇಕು? ಖರ್ಚಾಗದೆ ಉಳಿದ ಸಿಟ್ಟು ಎದೆಯಿಂದ ಗಂಟಲಿಗೆ ಹತ್ತಿ, ಅವಳು ಬಂದರಿನ ಗೋದಾಮಿನ ಗೇಟು ದಾಟುವ ಹೊತ್ತಿಗೆ ಹಲ್ಲಿನ ಸಂದಿಯಲ್ಲಿ ಬಂದು ಕೂತಿತ್ತು. ಅಲ್ಲಿ ಕಾವಲುಗಾರ ಎದ್ದು ನಿಂತು ನಮಸ್ಕಾರ ಹೇಳಿದ. ‘ಇವತ್ತು ನಿಮ್ಮೂರಿನ ಮಾಲು ಬಿಚ್ತಾರಂತಲ್ಲಕ್ಕಾ. ಎರಡು ಸೋಪು ನಮಗೂ ಇರ್ಲಿ,’ ಎಂದು ನಕ್ಕ. ನಿಮ್ಮೂರು ಎಂದ. ಈ ಬಂದರಿನಲ್ಲಿ ಅದನ್ನು ಊರು ಎಂದು ಕರೆಯುವವನು ಇವನೊಬ್ಬನೇ ಉಳಿದಿರುವುದು. ಅವನ ಮೇಲೆ ರೇಗುವುದು ಹೇಗೆ? ‘ಇರ್ಲಿ, ಇರ್ಲಿ,’ ಎಂದು ಒಳಗೆ ಹೋದಳು.

ಹಡಗಿನಿಂದ ಇಳಿದ ಮಾಲು ಕಸ್ಟಮ್ಸಿನವರು ಒಪ್ಪಿ ಸಹಿ ಹಾಕುವತನಕ ಈ ಗೋದಾಮಿನಲ್ಲೇ ಇರಬೇಕು. ಲೇಬಲ್ಲು ತಪ್ಪಿದ್ದರೆ ಇಲ್ಲೇ ತಿದ್ದಬೇಕು, ತಪ್ಪಿದ ಲೇಬಲ್ಲಿನೊಂದಿಗೆ ಒಂದು ಡಬ್ಬಿಯೂ ಆ ಕಬ್ಬಿಣದ ಗೇಟು ದಾಟುವಂತಿಲ್ಲ. ತಿದ್ದುವ ಕೆಲಸಕ್ಕೆ ಒಂದು ಉದ್ದನೆಯ ಮೇಜು, ಮೇಜಿಗೆ ಎಂಟು ಹೆಂಗಸರು, ಎಂಟು ಹೆಂಗಸರ ಮೇಲೆ ಅವಳು. ಎಲ್ಲರೂ ಅವಳನ್ನು ಕರೆಯುವುದು ಲೇಬಲಕ್ಕ ಎಂದು. ಅವಳು ಹಚ್ಚಿದ ಲೇಬಲ್ಲು ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ, ಅಡಿಯಲ್ಲಿ ಒಂದು ಗುಳ್ಳೆ ಉಳಿಯುವುದಿಲ್ಲ. ಅದರ ಬಗ್ಗೆ ಅವಳಿಗೆ ಜಂಬವಿತ್ತು. ಈಗ ಆ ಜಂಬ ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮೇಜಿನ ಮೇಲೆ ಎಂಟು ಹೊಸ ಚಾಕುಗಳನ್ನು ಸಾಲಾಗಿ ಇಟ್ಟಿದ್ದರು. ಮೊನ್ನೆ ಮಾಲೀಕರು ತರಿಸಿದ್ದು. ಹಿಡಿ ನೀಲಿ, ಅಲಗು ಗಿಡ್ಡ, ಆಲೂಗಡ್ಡೆ ಸಿಪ್ಪೆ ತೆಗೆಯಲು ಬಳಸುವಂಥದು. ಆ ಎಂಟು ಮಂದಿಯಲ್ಲಿ ಕನ್ನಡಕದವಳೊಬ್ಬಳು ಆಗಲೇ ಬಂದು ತನ್ನ ಚಾಕುವಿನ ಮೊನೆಯನ್ನು ಉಗುರಿನ ಮೇಲೆ ಆಡಿಸಿ ನೋಡುತ್ತಿದ್ದಳು. ಇವಳನ್ನು ನೋಡಿದವಳೇ ಕೆಳಗಿಟ್ಟಳು. ‘ನಾವು ಮಾಡ್ತೀವಿ ಬಿಡಕ್ಕಾ, ನೀವು ಆ ಕಡೆ ಲೇಬಲ್ ನೋಡ್ಕೊಳ್ಳಿ,’ ಎಂದಳು. ಈ ಕರುಣೆಯೊಂದು ಬಾಕಿ ಇತ್ತು. ‘ನಿನ್ನ ಕೆಲಸ ನೀನು ಮಾಡು,’ ಎಂದು ಇವಳು ಸಿಡುಕಿದಳು, ಸಿಡುಕಿದ್ದಕ್ಕೆ ಕೂಡಲೇ ಬೇಜಾರಾಯಿತು, ಬೇಜಾರಾದದ್ದಕ್ಕೆ ಮತ್ತೆ ಸಿಟ್ಟು ಬಂತು.

ಹೆರೆಯಬೇಕಾದದ್ದು ಅವಳ ಊರಿನ ಹೆಸರನ್ನು. ಸಾಬೂನು ಬರುವುದು ಅವಳ ಅಣ್ಣನ ಕಾರ್ಖಾನೆಯಿಂದ. ಕಾರ್ಖಾನೆ ಎಂದರೆ ಏನೂ ಅಲ್ಲ, ಎತ್ತರದ ಮಾಡಿನ ಒಂದು ಹಳೆಯ ಕಲ್ಲುಕಟ್ಟಡ, ಒಂದು ಒಲೆ, ಒಂದು ಹಂಡೆ, ಬೇಯಿಸಿದ ಪಾಕ ಸುರಿದು ಹರಡುವ ನೆಲ. ಹರಡಿದ ಪಾಕ ಬಿಗಿಯಾದ ಮೇಲೆ ಒಬ್ಬ ಮನುಷ್ಯ ಅಚ್ಚು ಕಟ್ಟಿದ ಸುತ್ತಿಗೆ ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಹಿಂದುಹಿಂದಕ್ಕೆ ಸರಿಯುತ್ತ ನೆಲವೆಲ್ಲ ಮುದ್ರೆ ಹೊಡೆಯುತ್ತಾನೆ. ಒಂದು ವೃತ್ತ, ವೃತ್ತದೊಳಗೆ ಊರಿನ ಹೆಸರು, ಅಷ್ಟೇ. ಅಪ್ಪನ ಕಾಲದಿಂದ ಅದೇ ಅಚ್ಚು. ಆಮೇಲೆ ಕೊಯ್ದು, ತಿಂಗಳುಗಟ್ಟಲೆ ಒಣಗಿಸಿ, ಕಾಗದ ಸುತ್ತಿ ಕಳಿಸುತ್ತಾರೆ. ಊರು ಇರುವುದು ಎರಡು ದೇಶಗಳ ನಡುವಿನ ಒಂದು ಕಣಿವೆಯಲ್ಲಿ. ಅವಳು ಹುಟ್ಟುವ ಮೊದಲೇ ಗುಡ್ಡದಾಚೆಯ ದೇಶದವರು ಇಳಿದುಬಂದು ಕಣಿವೆಯನ್ನು ಹಿಡಿದುಕೊಂಡು, ಇದು ಮೊದಲಿನಿಂದಲೂ ನಮ್ಮದೇ ಎಂದರು. ಅವರದಲ್ಲ ಎಂದು ಕಣಿವೆಯವರು ಹೇಳಿದರು. ಉಳಿದ ಲೋಕ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ‘ತಕರಾರಿನಲ್ಲಿರುವ ಪ್ರದೇಶ’ ಎಂದು ಒಂದು ಹೆಸರಿಟ್ಟು ಕೈತೊಳೆದುಕೊಂಡಿತು. ಅವಳು ಮದುವೆಯಾಗಿ ಸಮುದ್ರದಾಚೆಯ ಈ ದೇಶಕ್ಕೆ ಬಂದಳು. ಹುಟ್ಟಿದ ಊರಿನ ಸಾಬೂನಿಗೆ ಇಲ್ಲಿ ಗಿರಾಕಿ ಹುಡುಕಿಕೊಟ್ಟವಳೂ ಅವಳೇ, ಅಣ್ಣನಿಗೂ ತನ್ನ ಮಾಲೀಕರಿಗೂ ಗಂಟು ಹಾಕಿದವಳೂ ಅವಳೇ. ಈಗ ಅಣ್ಣನಿಗೆ ಬೇರೆ ಗಿರಾಕಿಯೇ ಇಲ್ಲ. ಈ ಗೇಟಿನಿಂದ ಮಾಲು ವಾಪಸ್ಸು ಹೋದರೆ ಅಲ್ಲಿ ಒಲೆ ಆರಿದಂತೆಯೇ ಲೆಕ್ಕ.

ಮೊದಲು ಇದ್ದ ನಿಯಮವೇ ಬೇರೆ. ಕಣಿವೆಯಿಂದ ಬಂದ ಮಾಲಿನ ಮೇಲೆ ಕಣಿವೆಯ ಹೆಸರೇ ಇರಬೇಕು, ಗುಡ್ಡದಾಚೆಯ ದೇಶದ ಹೆಸರು ಅಪ್ಪಿತಪ್ಪಿಯೂ ಇರಕೂಡದು. ಒಂದು ಸಲ ರಟ್ಟಿನ ಪೆಟ್ಟಿಗೆಗಳ ಅಡಿಯಲ್ಲಿ ಯಾವುದೋ ಮೂಲೆಯಲ್ಲಿ ಆ ದೇಶದ ಬಂದರಿನ ಠಸ್ಸೆ ಬಿದ್ದಿತ್ತೆಂದು ಕಸ್ಟಮ್ಸಿನ ಅಧಿಕಾರಿ ಅಷ್ಟೂ ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿಸಿದ್ದ. ‘ಗ್ರಾಹಕರಿಗೆ ಸತ್ಯ ತಿಳೀಬೇಕಲ್ವಾ ಅಮ್ಮಾ. ಯಾವ ನೆಲದ್ದು, ಯಾರದ್ದು ಅಂತ,’ ಎಂದಿದ್ದ. ಆ ದಿನ ಅವಳು ಅವನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದಳು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ, ‘ಎಂಥ ಮನುಷ್ಯ ಗೊತ್ತಾ, ನಮ್ಮೋರಿಗಿಂತ ಮೇಲು,’ ಎಂದು ಹೊಗಳಿಯೂ ಇದ್ದಳು. ಎರಡು ತಿಂಗಳ ಹಿಂದೆ ಅದೇ ಅಧಿಕಾರಿ, ಅದೇ ಬೂದುಬಣ್ಣದ ಕೋಟು, ಅದೇ ಮುಗುಳುನಗೆ, ಹೊಸ ಸುತ್ತೋಲೆ ಹಿಡಿದು ಬಂದ. ಎರಡು ಸರಕಾರಗಳ ನಡುವೆ ಅದೇನು ಕೊಡುಕೊಳ್ಳುವಿಕೆ ನಡೆಯಿತೋ ಅವಳಿಗೆ ಗೊತ್ತಿಲ್ಲ. ಇನ್ನು ಮೇಲೆ ಲೇಬಲ್ಲಿನಲ್ಲಿ ಗುಡ್ಡದಾಚೆಯ ದೇಶದ ಹೆಸರೇ ಇರಬೇಕು, ಕಣಿವೆಯದು ಇರಕೂಡದು. ವಸ್ತುವಿನ ಮೇಲೆ ಕೊರೆದ, ಒತ್ತಿದ, ಅಚ್ಚು ಹಾಕಿದ ಬೇರೆ ಸ್ಥಳನಾಮವಿದ್ದರೆ ಅದನ್ನೂ ಓದಲು ಬಾರದಂತೆ ತೆಗೆಯಬೇಕು. ಮಾಲೀಕರ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ‘ನನ್ನ ಕನ್ನಡಕ ಕಾರಲ್ಲೇ ಉಳೀತು. ಅಮ್ಮಾ, ನೀವು ಓದಿಬಿಡಿ,’ ಎಂದು ಕಾಗದವನ್ನು ಅವಳ ಕೈಗೇ ಕೊಟ್ಟ. ಅವಳು ಓದಿದಳು. ನಿಂತುಕೊಂಡು, ಶಾಲೆಯ ಹುಡುಗಿಯಂತೆ, ಒಂದು ಅಕ್ಷರ ಎಡವದೆ, ತನ್ನ ಊರನ್ನು ಅಳಿಸುವ ಆಜ್ಞೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ‘ಎಷ್ಟು ಸ್ಪಷ್ಟವಾಗಿ ಓದ್ತೀರಿ! ನಮ್ಮ ಆಫೀಸಿನಲ್ಲಿ ಹೀಗೆ ಓದೋರು ಒಬ್ಬರಿಲ್ಲ ನೋಡಿ,’ ಎಂದ ಅವನು. ಅದಕ್ಕೆ ಅವಳು ‘ಥ್ಯಾಂಕ್ಸ್ ಸಾರ್’ ಅಂದಿದ್ದಳು.

ಆ ಥ್ಯಾಂಕ್ಸನ್ನು ಅವಳಿಂದ ಇಂದಿಗೂ ನುಂಗಲಾಗಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಯಾರೋ ಮದುವೆಯ ಫೋಟೋ ತೋರಿಸುತ್ತಿರುವಾಗ, ಇದ್ದಕ್ಕಿದ್ದಂತೆ ಕಿವಿಯಲ್ಲಿ ಅವಳದೇ ದನಿ: ಥ್ಯಾಂಕ್ಸ್ ಸಾರ್. ನಾಲಿಗೆಯನ್ನು ಕಿತ್ತು ಬಿಸಾಡಬೇಕೆನ್ನಿಸುತ್ತದೆ. ಮಾಲೀಕರು ಕೆಟ್ಟವರಲ್ಲ, ಅದೇ ಇನ್ನೂ ದೊಡ್ಡ ತೊಂದರೆ. ಅಧಿಕಾರಿ ಹೋದ ಮೇಲೆ ಅವರು ಬಾಗಿಲು ಹಾಕಿಕೊಂಡು, ‘ನಂಗೂ ಹೊಟ್ಟೆ ಉರಿಯುತ್ತಮ್ಮ. ಆದ್ರೆ ಏನ್ ಮಾಡೋದು ಹೇಳು? ಚಾಕು ತರಿಸ್ತೀನಿ. ಕಾಗದ ಬಿಚ್ಚಿ, ಮುದ್ರೆ ಹೆರೆದು, ಮತ್ತೆ ಸುತ್ತಿ, ಹೊಸ ಲೇಬಲ್ ಹಚ್ಚಿದ್ರೆ ಮುಗೀತು,’ ಎಂದರು. ‘ನನ್ ಕೈಲಿ ಆಗಲ್ಲ ಸಾರ್,’ ಎಂದಳು ಅವಳು. ‘ಹಾಗಾದ್ರೆ ಮಾಲು ವಾಪಸ್ ಹೋಗುತ್ತೆ. ನಿಮ್ಮಣ್ಣನಿಗೆ ನೀನೇ ಹೇಳಿಬಿಡು.’ ಅವಳು ಹೇಳಲಿಲ್ಲ. ಅಣ್ಣ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ, ಫೋನನ್ನು ಮಡಚಿಟ್ಟ ಹಾಸಿಗೆಯ ನಡುವೆ ತುರುಕಿ ಸ್ನಾನಕ್ಕೆ ಹೋದಳು. ಏನೆಂದು ಹೇಳುವುದು? ನಿನ್ನ ಒಲೆ ಆರಿಸುತ್ತೇನೆ ಎಂದೇ, ಇಲ್ಲ ನಮ್ಮ ಊರನ್ನು ನಾನೇ ಹೆರೆಯುತ್ತೇನೆ ಎಂದೇ? ಎರಡರಲ್ಲಿ ಯಾವುದನ್ನು ಹೇಳಿದರೂ ಅಣ್ಣ ನಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ‘ಆಯ್ತು ಬಿಡೇ, ಅದಕ್ಯಾಕೆ ಅಷ್ಟೊಂದು’ ಎನ್ನುತ್ತಾನೆ. ಅವನ ಆ ನಗುವಿಗೆ ಹೆದರಿಯೇ ಅವಳು ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

ಅಪ್ಪನೂ ಹಾಗೆಯೇ. ಒಂದು ಕಾಲದಲ್ಲಿ ಗುಡ್ಡದಾಚೆಯವರು, ಸಾಬೂನಿನ ಮೇಲೆ ತಮ್ಮ ದೇಶದ ಹೆಸರನ್ನೂ ಹಾಕಬೇಕೆಂದು ಹಟ ಹಿಡಿದರು. ಇಡೀ ಬೀದಿ ಅಪ್ಪ ಏನು ಮಾಡುತ್ತಾನೆಂದು ಕಾದು ನೋಡುತ್ತಿತ್ತು. ಅಪ್ಪ ಇನ್ನೊಂದು ಅಚ್ಚು ಮಾಡಿಸಿ ತಂದ. ಒಂದು ಮೈಗೆ ಊರು, ಮಗುಚಿ ಇನ್ನೊಂದು ಮೈಗೆ ಅವರ ದೇಶ. ಕೇಳಿದವರಿಗೆ, ‘ಯಾವ ಕಡೆ ಮೊದಲು ಸವೆಸ್ಬೇಕು ಅನ್ನೋದು ಮೈ ತೊಳೆಯೋನಿಗೆ ಬಿಟ್ಟಿದ್ದು,’ ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೀದಿಯೂ ನಕ್ಕಿತು. ಎಂಟೋ ಒಂಬತ್ತೋ ವರ್ಷದ ಹುಡುಗಿಯಾಗಿದ್ದ ಅವಳು ಮಾತ್ರ ಒಳಕೋಣೆಯಲ್ಲಿ ಕೂತು ಅಳುತ್ತಿದ್ದಳು. ಅಪ್ಪನಿಗೆ ಸಿಟ್ಟು ಬರಲೆಂದು ಎಷ್ಟು ಕಾದಳು. ಒಂದು ಸಲವಾದರೂ ಅವರ ಎದುರು ನಿಂತು ಆ ಸುತ್ತಿಗೆಯನ್ನು ಎತ್ತಿ ಎಸೆಯುತ್ತಾನೆಂದು. ಎಸೆಯಲಿಲ್ಲ. ಆಳುವವರು ಬದಲಾದರು, ಹಟ ಮರೆತರು, ಅಪ್ಪ ಎರಡನೆಯ ಅಚ್ಚನ್ನು ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡ, ನಗುತ್ತಲೇ ಸತ್ತ. ಅಮ್ಮ ಅವನಿಗಿಂತ ಮೊದಲೇ ಹೋಗಿದ್ದಳು. ಮನೆಯಲ್ಲಿ ಯಾರೂ ಮಾಡಿಕೊಳ್ಳದ ಸಿಟ್ಟೆಲ್ಲ ತನ್ನ ಪಾಲಿಗೆ ಬಂತು, ತವರಿನಿಂದ ತಾನು ತಂದ ಬಳುವಳಿಯೆಂದರೆ ಇದೊಂದೇ ಎಂದು ಅವಳಿಗೆ ಅನ್ನಿಸುವುದುಂಟು. ಅಣ್ಣ ಅಪ್ಪನ ಅಂಗಿಗಳನ್ನು ಇಟ್ಟುಕೊಂಡ, ನಗುವನ್ನೂ ಇಟ್ಟುಕೊಂಡ.

ಗಂಡನಿಗೆ ಹೇಳಿದಾಗ ಅವನು ಬಹಳ ಹೊತ್ತು ಯೋಚಿಸಿದ. ಯೋಚಿಸುವುದು ಅವನ ಸ್ವಭಾವ; ಕೊಳವೆ ರಿಪೇರಿಯ ಕೆಲಸ ಅವನದು, ನೀರು ಎಲ್ಲಿ ಸೋರುತ್ತಿದೆ ಎಂದು ಗೋಡೆಗೆ ಕಿವಿಯಿಟ್ಟು ಕೂರುವವನು. ಯೋಚಿಸಿ ಹೇಳಿದ: ‘ಹೆಸರು ಹೋದ್ರೂ ಸೋಪು ಅದೇ ತಾನೇ? ನೊರೆ ಅದೇ. ಜನಕ್ಕೆ ಬೇಕಾಗಿರೋದು ನೊರೆ.’ ಅವಳು ಎದ್ದು ಹೋಗಿ, ಬಚ್ಚಲಲ್ಲಿದ್ದ ಅವನ ಹಲ್ಲುಜ್ಜುವ ಬ್ರಷ್ಷನ್ನೂ ಬಾಚಣಿಗೆಯನ್ನೂ ಕ್ಷೌರದ ಸಾಮಾನನ್ನೂ ಒಂದು ಚೀಲಕ್ಕೆ ತುಂಬಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಇಟ್ಟುಬಂದಳು. ‘ಮನೆ ಅದೇ ತಾನೇ? ಗೋಡೆ ಅದೇ. ಇನ್ಮೇಲೆ ಅಲ್ಲಿ ಹಲ್ಲುಜ್ಜು,’ ಎಂದಳು. ಅವನು ಪೆಚ್ಚಾಗಿ ನಿಂತ. ಆಮೇಲೆ ಇಬ್ಬರಿಗೂ ನಗು ಬಂತು, ಅವಳಿಗೆ ಹೆಚ್ಚು. ನಗುತ್ತಿರುವಾಗಲೇ, ನಾನೂ ನಕ್ಕುಬಿಟ್ಟೆನಲ್ಲ, ಅಪ್ಪನ ಹಾಗೆ, ಎಂದು ಅವಳಿಗೆ ಹೊಳೆಯಿತು. ಅಂದಿನಿಂದ ಅವನು ಅವಳ ಮುಂದೆ ಸೋಪಿನ ಮಾತೆತ್ತುವುದಿಲ್ಲ. ಚಹಾ ಮಾಡಿಕೊಡುತ್ತಾನೆ, ಅಷ್ಟೇ.

‘ಶುರು ಮಾಡೋಣವಾ?’ ಅಧಿಕಾರಿ ಬಂದೇಬಿಟ್ಟಿದ್ದ. ಜೊತೆಗೆ ಮಾಲೀಕರು. ಇಬ್ಬರು ಆಳುಗಳು ಕಂಟೇನರಿನ ಸೀಲು ಕತ್ತರಿಸಿ ಮೊದಲ ಮರದ ಪೆಟ್ಟಿಗೆಗಳನ್ನು ಮೇಜಿನ ಬಳಿ ತಂದಿರಿಸಿದರು. ಏನು ಮಾಡಬೇಕೆಂದು ಅವಳು ರಾತ್ರಿಯೆಲ್ಲ ಸಿದ್ಧ ಮಾಡಿಕೊಂಡಿದ್ದಳು. ಪೆಟ್ಟಿಗೆ ತೆರೆಯುತ್ತಿದ್ದಂತೆ ಒಂದು ಸಾಬೂನು ಎತ್ತಿ, ಅವನ ಮುಖದ ಮುಂದೆ ಹಿಡಿದು, ‘ಇದನ್ನ ಓದಿ ಸಾರ್. ಗಟ್ಟಿಯಾಗಿ, ಸ್ಪಷ್ಟವಾಗಿ ಓದಿ. ನಾನು ಓದಿದ ಹಾಗೆ,’ ಎನ್ನಬೇಕು. ಅವನು ಓದಿದ ಮೇಲೆ ಚಾಕುವನ್ನು ಅವನ ಕೈಗೇ ಕೊಡಬೇಕು. ‘ಈಗ ನೀವೇ ಹೆರೀರಿ.’ ಮಾತು ಅಷ್ಟೇ. ಆಮೇಲೆ ಬ್ಯಾಗು ತೆಗೆದುಕೊಂಡು ಗೇಟಿನ ಆಚೆ. ಈ ಮಾತುಗಳನ್ನು ಕನ್ನಡಿಯ ಮುಂದೆ ಹೇಳಿಕೊಂಡೂ ನೋಡಿದ್ದಳು. ಆದರೆ ಅವಳೊಳಗೆ ಇನ್ನೊಬ್ಬಳು ಇದ್ದಳು. ಲೇಬಲ್ಲು ಓರೆಯಾದರೆ ನಿದ್ದೆ ಬಾರದವಳು, ಥ್ಯಾಂಕ್ಸ್ ಸಾರ್ ಅಂದವಳು. ಆ ಇನ್ನೊಬ್ಬಳು ಈ ನಾಟಕವನ್ನೆಲ್ಲ ತೆಪ್ಪಗೆ ನೋಡುತ್ತ, ಕಡೆಗೆ ಕೂತು ಹೆರೆಯುವವಳು ನೀನೇ, ಅದೂ ಎಲ್ಲರಿಗಿಂತ ನಯವಾಗಿ, ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಳು ಮುಚ್ಚಳದ ಮೊಳೆ ಮೀಟಿದ. ಎಣ್ಣೆಯ, ಸುಣ್ಣದ, ಕಲ್ಲುಕಟ್ಟಡದ ತಣ್ಣನೆಯ ವಾಸನೆ ಒಮ್ಮೆಲೇ ಎದ್ದು ಬಂದು ಮೂಗಿಗೆ ಬಡಿಯಿತು. ಅಪ್ಪ ಊಟಕ್ಕೆ ಕೂತಾಗ ಅವನ ಪಕ್ಕ ಬರುತ್ತಿದ್ದ ವಾಸನೆ ಅದು. ಅವಳು ಒಂದು ಸಾಬೂನು ಎತ್ತಿಕೊಂಡು, ಕಾಗದ ಬಿಚ್ಚಿ, ಅಧಿಕಾರಿಯ ಮುಖದ ಕಡೆಗೆ ಚಾಚಿದಳು. ‘ಇದನ್ನ ಓದಿ ಸಾರ್,’ ಎಂದಳು.

‘ಏನಮ್ಮಾ ಓದೋದು?’ ಎಂದ ಅವನು. ಹಣೆ ಸುಕ್ಕು ಮಾಡಿ, ಬಗ್ಗಿ, ಕನ್ನಡಕ ಮೇಲಕ್ಕೇರಿಸಿ ನೋಡಿದ. ‘ಇದರಲ್ಲಿ ಏನೂ ಇಲ್ಲವಲ್ಲ.’

ಇರಲಿಲ್ಲ. ಅವಳು ತನ್ನ ಕಡೆಗೆ ತಿರುಗಿಸಿಕೊಂಡಳು. ಬೋಳು ಮೈ. ಮಗುಚಿದಳು, ಅಲ್ಲೂ ಇಲ್ಲ. ಇನ್ನೊಂದು ಬಿಚ್ಚಿದಳು, ಮತ್ತೊಂದು. ಎರಡನೆಯ ಪೆಟ್ಟಿಗೆ ತೆರೆಸಿದಳು; ಕಾಗದ ಬಿಚ್ಚುವ ತಾಳ್ಮೆಯಿಲ್ಲದೆ ಹರಿದಳು. ಎಲ್ಲವೂ ಬೋಳು. ಮೊದಲು, ಬೇರೆ ಯಾರದೋ ಮಾಲು ಬಂದುಬಿಟ್ಟಿದೆ ಎಂದುಕೊಂಡಳು. ಅದರ ಬೆನ್ನಿಗೇ, ಅಚ್ಚು ಹೊಡೆಯದೆ ಕಳಿಸಿದ್ದಾನೆ ಎಂದುಕೊಂಡಳು. ಆಮೇಲೆ ಬೆರಳು ಆಡಿಸಿದಾಗ ತಿಳಿಯಿತು. ಸಾಬೂನು ನಡುವಿನಲ್ಲಿ ಒಂದು ಚೂರು ತೆಳ್ಳಗಿತ್ತು. ಅಲಗು ಹಾದುಹೋದ ಗೀರುಗಳಿದ್ದವು, ನಯ ಮಾಡಲು ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದರು, ಆದರೂ ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಕಾಣುತ್ತಿತ್ತು. ಗೀರುಗಳು ವಾಲಿದ್ದು ಎಲ್ಲರ ಕೈ ವಾಲುವ ಕಡೆಗಲ್ಲ. ಎಡಗೈಯವನೊಬ್ಬ ಹೆರೆದದ್ದು ಅದು. ಅಣ್ಣ ಎಡಚ. ಕೆಲವು ಸಾಬೂನುಗಳಲ್ಲಿ ಮಾತ್ರ ಗೀರು ಬಲದಿಂದ ಬಂದಿತ್ತು, ಗಿಡ್ಡ ಗಿಡ್ಡಗೆ, ಅಂಜಿಕೊಂಡು, ಅವು ಅತ್ತಿಗೆಯವು. ಬೇರೆ ಯಾರ ಕೈಯೂ ಅದರಲ್ಲಿರಲಿಲ್ಲ. ಕಂಟೇನರಿನ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಸಾಬೂನು, ಆ ಇಬ್ಬರೇ.

‘ನೋಡಿದಿರಾ?’ ಅಧಿಕಾರಿ ಮಾಲೀಕರ ಕಡೆ ತಿರುಗಿ ಸಂತೋಷದಿಂದ ಹೇಳಿದ. ‘ಮೂಲದಲ್ಲೇ ಸರಿಪಡಿಸಿ ಕಳಿಸಿದಾರೆ. ಇದಕ್ಕೇ ಸಹಕಾರ ಅನ್ನೋದು. ನಿಮ್ಮಣ್ಣ ಬುದ್ಧಿವಂತರು ಅಮ್ಮಾ, ಸುಮ್ಮನೆ ಭಾವುಕರಾಗಲ್ಲ.’ ಮಾಲೀಕರು ಅವಳ ಮುಖ ನೋಡಿ ಕಣ್ಣು ತಪ್ಪಿಸಿದರು. ಅವರಿಗೂ ಗೊತ್ತಿರಲಿಲ್ಲವೆಂಬುದು ಕಾಣುತ್ತಿತ್ತು. ಮೇಜಿನ ಸುತ್ತ ಹೆಂಗಸರು ಉಸ್ಸೆಂದು ಉಸಿರುಬಿಟ್ಟರು. ‘ಸದ್ಯ, ಬೆರಳು ಕುಯ್ಕೊಳ್ಳೋದು ತಪ್ತು,’ ಎಂದು ಯಾರೋ ನಕ್ಕರು. ಚಾಕುಗಳನ್ನು ಒಟ್ಟುಗೂಡಿಸಿ ಡಬ್ಬಿಗೆ ಹಾಕುವ ಸದ್ದು ಕೇಳಿತು. ಇಷ್ಟು ಹೊತ್ತಿನ ಸಿಟ್ಟು ಅವಳ ಕೈಯಲ್ಲಿ ಹಾಗೇ ಉಳಿದಿತ್ತು, ಎತ್ತಿದ ಕೈ ಎತ್ತಿದಂತೆಯೇ, ಹೊಡೆಯಲು ಎದುರಿಗೆ ಯಾರೂ ಇಲ್ಲ. ಅಧಿಕಾರಿ ಹೊಸ ಲೇಬಲ್ಲಿನ ಸುರುಳಿಯನ್ನು ತಾನೇ ಎತ್ತಿ ಅವಳ ಮುಂದಿಟ್ಟ. ಗುಡ್ಡದಾಚೆಯ ದೇಶದ ಹೆಸರು ದಪ್ಪ ಅಕ್ಷರಗಳಲ್ಲಿ, ಒಂದರ ಹಿಂದೆ ಒಂದು, ಸುರುಳಿ ಪೂರ್ತಿ. ‘ಒಂದು ನಿಮಿಷ ಬಂದೆ ಸಾರ್,’ ಎಂದಳು. ಹಿಂಬಾಗಿಲಿನಿಂದ ಹೊರಟು, ಖಾಲಿ ಕಂಟೇನರುಗಳ ನಡುವೆ, ಬಿಸಿಲಿಗೆ ಕಾದ ಅಂಗಳದಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿದಳು.

‘ಅಂತೂ ನೆನಪಾಯ್ತಾ ಮಹಾರಾಯ್ತಿಗೆ?’ ಎಂದ ಅವನು. ಹಿಂದೆ ಹಂಡೆ ಕುದಿಯುವ ಸದ್ದು.

‘ಯಾರು ಹೇಳಿದ್ದು ನಿಂಗೆ ಹೆರಿ ಅಂತ?’

‘ಓ, ಬಿಚ್ಚಿದ್ರಾ? ಪಾಸಾಯ್ತಾ?’

‘ಯಾರು ಹೇಳಿದ್ದು ಅಂತ ಕೇಳ್ದೆ.’

‘ನೀನು ಫೋನ್ ಎತ್ತಲಿಲ್ವಲ್ಲ. ನಿಮ್ ಮಾಲೀಕರಿಗೆ ಮಾಡಿದೆ. ಹಿಂಗಿಂಗೆ, ಹೊಸ ರೂಲು ಬಂದಿದೆ, ತಂಗಿ ಕೈಲಾಗಲ್ಲ ಅಂತಿದಾಳೆ ಅಂದ್ರು. ಸರಿ, ಅವಳ ಕೈಲಿ ಯಾಕೆ ಮಾಡಿಸೋದು, ಇಲ್ಲೇ ಮುಗಿಸಿ ಕಳಿಸೋಣ ಅಂತ... ಅವರಿಗೂ ಹೇಳೋಕೆ ಹೋಗ್ಲಿಲ್ಲ. ನಾನೂ ನಿನ್ನ ಅತ್ತಿಗೇನೂ ಸೇರಿ ಮಾಡಿದ್ವಿ. ಆಳುಗಳಿಗೆ ಹೇಳೋಕೆ ಮನಸ್ಸು ಬರ್ಲಿಲ್ಲ. ಬಾಗಿಲು ಹಾಕ್ಕೊಂಡು, ಕಳ್ಳರ ಥರ.’ ಅವನು ನಕ್ಕ.

ಆ ನಗುವಿಗೇ ಅವಳು ಬೆಳಗಿನಿಂದ ಕಾದಿದ್ದಳೆಂದು ಕಾಣುತ್ತದೆ. ‘ನಗಬೇಡ!’ ಎಂದು ಕಿರುಚಿದಳು. ಕಂಟೇನರಿನ ತಗಡು ಆ ದನಿಯನ್ನು ಎತ್ತಿ ಅವಳ ಮುಖಕ್ಕೇ ಎಸೆಯಿತು. ‘ನಗಬೇಡ, ನಾಚಿಕೆಗೆಟ್ಟವನೇ! ಅಪ್ಪ ನಕ್ಕ, ನೀನೂ ನಗ್ತೀಯ. ಬಂದು ಮೂಗು ಕುಯ್ದರೆ, ನೆಗಡಿ ಆಗಲ್ಲ ಬಿಡು ಅಂತ ನಗೋ ವಂಶ ನಮ್ಮದು. ನಾನಿಲ್ಲಿ ನಿದ್ದೆಗೆಟ್ಟು ಸಾಯ್ತಾ ಇದೀನಿ. ಕೆಲಸ ಬಿಟ್ಟು ಹೋಗೋಕೂ ರೆಡಿ ಆಗಿ ಬಂದಿದ್ದೆ. ಅವನ ಮುಖಕ್ಕೆ ಹಿಡಿದೆ ಕಣೋ, ಓದು ಅಂದೆ! ಓದೋಕೆ ಏನೂ ಇಲ್ಲ ಅಂದ. ಎಷ್ಟು ಖುಷಿಯಾಯ್ತು ಗೊತ್ತಾ ಅವನಿಗೆ? ನಿನ್ನ ಹೊಗಳಿದ! ಬುದ್ಧಿವಂತ ಅಂದ!’ ಇನ್ನೂ ಏನೇನೋ ಅಂದಳು, ಬೀದಿಯ ನಲ್ಲಿಯ ಹತ್ತಿರ ಕೇಳಿ ಕಲಿತಿದ್ದ ಮಾತುಗಳು, ಮದುವೆಯಾದ ಮೇಲೆ ಬಾಯಿಗೆ ಬಾರದಿದ್ದವು. ಅವಳಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ ಬಂದವು.

‘ಮುಗೀತಾ?’ ಎಂದ ಅಣ್ಣ ಕಡೆಗೆ. ದನಿಯಲ್ಲಿ ನಗುವಿರಲಿಲ್ಲ. ‘ಈಗ ನಾನು ಹೇಳ್ಲಾ? ಅಲ್ಲಿ ಕೂತ್ಕೊಂಡು ಸಿಟ್ಟು ಮಾಡ್ಕೊಳ್ಳೋದು ಭಾರಿ ಸುಲಭ ನಿಂಗೆ. ಇಲ್ಲಿ ದಿನಾ ಬೆಳಗ್ಗೆ ಅವರ ಚೌಕಿ ದಾಟಿ, ಅವರಿಗೆ ಸಲಾಂ ಹೊಡ್ದು ಕಾರ್ಖಾನೆಗೆ ಬರ್ಬೇಕು ನಾನು. ನಗದೆ ಹೋದ್ರೆ ಅವತ್ತು ಒಲೆ ಹೊತ್ತಲ್ಲ. ಅಪ್ಪಂಗೆ ಸಿಟ್ಟೇ ಇರ್ಲಿಲ್ಲ ಅಂದ್ಕೊಂಡಿದೀಯಾ? ರಾತ್ರಿ ಅವನು ಹಲ್ಲು ಕಡಿಯೋ ಸದ್ದಿಗೆ ನಂಗೆ ಎಚ್ಚರ ಆಗ್ತಿತ್ತು ಕಣೇ. ಒಂದೇ ಚಾಪೇಲಿ ಮಲಗ್ತಿದ್ದೋನು ನಾನು, ನೀನಲ್ಲ. ಮೊದಲನೇ ಸೋಪು ಹೆರೆಯುವಾಗ ಚಾಕು ಜಾರಿ ನನ್ನ ಹೆಬ್ಬೆರಳು ಕುಯ್ದುಹೋಯ್ತು. ನಿನ್ನ ಅತ್ತಿಗೆ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಆದ್ರೂ ಬಂದು ಕೂತ್ಕೊಂಡು ಹೆರೆದ್ಲು. ನಿನ್ನ ಕೈಲಿ ಮಾಡಿಸ್ಬಾರ್ದು ಅಂತ. ಅದಕ್ಕೆ ನೀನು ನಾಚಿಕೆಗೆಟ್ಟವನೇ ಅಂತೀಯ.’

ಅವಳು ಕಂಟೇನರಿಗೆ ಒರಗಲು ಹೋಗಿ, ಕಾದ ತಗಡು ಚುರುಕ್ಕೆಂದು ಸುಟ್ಟು ದೂರ ಸರಿದಳು. ಅಣ್ಣ ಹೀಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಹಲ್ಲು ಕಡಿಯುತ್ತಿದ್ದ ಅಪ್ಪನನ್ನೂ ಅವಳು ಕಂಡಿರಲಿಲ್ಲ. ಒಳಕೋಣೆಯಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗಿ ಕಾಯುತ್ತಿದ್ದ ಹುಡುಗಿಗೆ, ಹೊರಗಿನ ಚಾಪೆಯ ಮೇಲೆ ಅದು ದಿನವೂ ನಡೆಯುತ್ತಿತ್ತೆಂದು ಗೊತ್ತಾಗಲೇ ಇಲ್ಲ. ಮನೆಯ ಸಿಟ್ಟೆಲ್ಲ ತನ್ನದೊಂದೇ ಎಂದು ಇಷ್ಟು ವರ್ಷ ಮೆರೆದದ್ದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅದು ಇದುವರೆಗಿನ ಎಲ್ಲ ಸಿಟ್ಟಿಗಿಂತ ಬಿಸಿಯಾಗಿತ್ತು. ಕ್ಷಮಿಸು ಎನ್ನಬೇಕಾಗಿತ್ತು, ಆ ಮಾತು ಅವರ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ.

‘ಬೆರಳು ಈಗ ಹೇಗಿದೆ?’ ಎಂದಳು.

‘ಇದೆ, ಜಾಗದಲ್ಲೇ ಇದೆ.’ ಅಣ್ಣ ಮುಂದುವರಿಸಿದ: ‘ನೋಡು, ಇವತ್ತು ಹೊಸ ಪಾಕ ಹಾಸಿದೀವಿ. ಸಂಜೆ ಹೊತ್ತಿಗೆ ಬಿಗಿ ಆಗುತ್ತೆ. ಅಚ್ಚು ಹೊಡೆಯೋನು ಬಂದು ಹೊಸ್ತಿಲ ಮೇಲೆ ಕೂತಿದಾನೆ. ಏನ್ ಹೇಳ್ಲಿ ಅವನಿಗೆ? ಹೊಡೆಯೋದು, ಒಣಗಿಸೋದು, ಮತ್ತೆ ಕೂತು ಹೆರೆಯೋದು, ಹುಚ್ಚರ ಕೆಲಸ ಅಲ್ವಾ? ಹೊಡೆಯೋದೇ ಬೇಡ, ಮನೆಗೆ ಹೋಗಪ್ಪಾ ಅಂದ್ಬಿಡ್ತೀನಿ. ಬರೀ ಸೋಪು ಕಳಿಸ್ತೀನಿ. ನಿಂಗೂ ತಲೆನೋವಿಲ್ಲ, ನಂಗೂ ಇಲ್ಲ. ಏನಂತೀಯ?’

ಹಿಂಬಾಗಿಲಲ್ಲಿ ಕನ್ನಡಕದವಳು ಇಣುಕಿ, ‘ಅಕ್ಕಾ, ಸಾಹೇಬ್ರು ಕಾಯ್ತಿದಾರೆ, ಲೇಬಲ್ ಶುರು ಮಾಡೋಣ್ವಾ?’ ಎಂದಳು. ಅವಳು ಕೈಯೆತ್ತಿ ತಡೆ ಎಂದಳು. ಅವಳಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು. ಅಧಿಕಾರಿ ಮುಂದಿನ ಸಲವೂ ಬರುತ್ತಾನೆ, ಕನ್ನಡಕ ಹಾಕಿಕೊಂಡು ಬರುತ್ತಾನೆ. ಹೊಡೆದ ಅಚ್ಚು ಒಂದು ಸಾಬೂನಿನಲ್ಲೂ ಆ ಗೇಟು ದಾಟುವುದಿಲ್ಲ. ಯಾರೂ ಓದುವುದಿಲ್ಲ. ಪೆಟ್ಟಿಗೆ ಬಿಚ್ಚಿದ ಗಳಿಗೆಯಿಂದ ಚಾಕು ತಾಗುವ ಗಳಿಗೆಯವರೆಗೆ, ಅಷ್ಟೇ ಅದರ ಆಯಸ್ಸು, ನೋಡುವವಳು ತಾನೊಬ್ಬಳೇ.

‘ಹೊಡೆಸು,’ ಎಂದಳು.

‘ಹೊಡೆಸಿ?’

‘ಹೊಡೆಸಿ ಹಾಗೇ ಕಳಿಸು. ನಾನಿಲ್ಲಿ ಹೆರೀತೀನಿ.’

‘ನಿನ್ ಕೈಲಿ ಆಗಲ್ಲ ಅಂದಿದ್ಯಂತೆ.’

‘ಆಗುತ್ತೆ. ಒಂದೊಂದನ್ನೂ ನಾನೇ ಹೆರೀತೀನಿ, ಆ ಹೆಂಗಸರ ಕೈಗೂ ಕೊಡಲ್ಲ. ನೀವಿಬ್ಬರೂ ಇನ್ನೊಂದ್ಸಲ ಆ ಚಾಕು ಮುಟ್ಟಿದ್ರೆ ನನ್ನ ಹೆಣ ನೋಡ್ತೀರಿ. ಕೇಳಿಸ್ತಾ?’

‘ಕೇಳಿಸ್ತು ಮಾರಾಯ್ತಿ, ಕೂಗ್ಬೇಡ.’

‘ಮತ್ತೆ ಅವನಿಗೆ ಹೇಳು, ಕಾಟಾಚಾರಕ್ಕೆ ತಟ್ಟಿ ಕಳಿಸೋದಲ್ಲ. ಆಳವಾಗಿ ಹೊಡೀಲಿ. ಹೆರೆಯುವಾಗ ನನ್ನ ಕೈ ನೋಯ್ಬೇಕು, ಹಾಗೆ ಹೊಡೀಲಿ.’